‘ಇನ್ ಸನ್ನಿ ಸ್ಪೇನ್’ ಮತ್ತು ‘ಸನ್ನಿ ಇನ್ ಸ್ಪೇನ್’: ಊರಿನ ಹೆಸರಿನ ಹತ್ತಿರ ಗುಣವಾಚಕ ಎಲ್ಲಿ ಕೂರಬೇಕು?

ಹಾದಿಹೋಕ

ಕನ್ನಡದ ಕೆಲವು ಪ್ರವಾಸ ಲೇಖನಗಳನ್ನು ಇಂಗ್ಲಿಷಿಗೆ ಅನುವಾದ ಮಾಡುತ್ತಿದ್ದೇನೆ. ವ್ಯಾಕರಣ ಒಂದು ಮಟ್ಟಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಆದರೆ ಊರಿನ ಹೆಸರು ಬಂದಾಗಲೆಲ್ಲ ಎಡವುತ್ತಿದ್ದೇನೆ.

ಮೊದಲ ಪುಟದಲ್ಲೇ ‘ಬಿಸಿಲಿನ ಸ್ಪೇನಿನಲ್ಲಿ’ ಅಂತ ಇತ್ತು. ನಾನು ‘ಸನ್ನಿ ಇನ್ ಸ್ಪೇನ್’ ಅಂತ ಬರೆದೆ. ತಿದ್ದುವವರು ಅದನ್ನು ‘ಇನ್ ಸನ್ನಿ ಸ್ಪೇನ್’ ಮಾಡಿದರು. ಸರಿ, ಪ್ರಿಪೊಸಿಷನ್ (‘ಇನ್’, ‘ಟು’ ಥರದ ಪದ) ಮೊದಲು, ಗುಣವಾಚಕ ನಡುವೆ, ಊರು ಕೊನೆಗೆ ಅಂತ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಎರಡು ಪುಟ ದಾಟಿದ ಮೇಲೆ ‘ಲಂಡನ್ನಿಗೆ ಹತ್ತಿರದ ಒಂದು ಹಳ್ಳಿಯಲ್ಲಿ’ ಬಂತು. ಕಲಿತ ಪಾಠ ಬಿಡಬಾರದಲ್ಲ. ‘ಇನ್ ಎ ಕ್ಲೋಸ್ ಟು ಲಂಡನ್ ವಿಲೇಜ್’ ಅಂತ ಬರೆದೆ. ಅದಕ್ಕೂ ಕೆಂಪು ಗೆರೆ. ‘ಪೀಸಾ ತನ್ನ ವಾಲಿದ ಗೋಪುರಕ್ಕೆ ಹೆಸರುವಾಸಿ’ ಅನ್ನುವುದಕ್ಕೆ ‘ಫೇಮಸ್ ಟು’ ಹಾಕಿದ್ದೆ. ಅದಕ್ಕಂತೂ ಎರಡು ಗೆರೆ.

ತಿದ್ದಿದ್ದು ಸರಿ ಅಂತ ಓದಿದಾಗ ಗೊತ್ತಾಗುತ್ತದೆ. ಯಾಕೆ ಸರಿ ಅಂತ ಗೊತ್ತಾಗುತ್ತಿಲ್ಲ. ಗುಣವಾಚಕ, ಪ್ರಿಪೊಸಿಷನ್, ಊರಿನ ಹೆಸರು, ಈ ಮೂರರಲ್ಲಿ ಯಜಮಾನಿಕೆ ಯಾರದು?

ಮೂರನೇಸಾಲು

ನಿಮ್ಮ ಮೊದಲ ಉದಾಹರಣೆಯಲ್ಲೇ ಉತ್ತರ ಅಡಗಿದೆ. ‘ಸನ್ನಿ ಇನ್ ಸ್ಪೇನ್’ ತಪ್ಪಲ್ಲ, ಅದು ಬೇರೆ ಮಾತು. ‘ಇಟ್ ಈಸ್ ಸನ್ನಿ ಇನ್ ಸ್ಪೇನ್’ ಅಂದರೆ ಅಲ್ಲಿ ಈಗ ಬಿಸಿಲಿದೆ ಅಂತ ಸುದ್ದಿ ಹೇಳಿದ ಹಾಗೆ. ‘ಇನ್ ಸನ್ನಿ ಸ್ಪೇನ್’ ಅಂದಾಗ ಬಿಸಿಲು ಸುದ್ದಿಯಲ್ಲ. ಅದು ಸ್ಪೇನಿಗೆ ತೊಡಿಸಿದ ಒಡವೆ. ಬಿಚ್ಚಿಟ್ಟರೂ ವಾಕ್ಯಕ್ಕೆ ಏನೂ ಆಗುವುದಿಲ್ಲ.

ಈಗ ‘ಕ್ಲೋಸ್ ಟು ಲಂಡನ್’ ನೋಡಿ. ಇಲ್ಲಿ ‘ಕ್ಲೋಸ್’ ತೆಗೆದುಬಿಟ್ಟರೆ ‘ಟು ಲಂಡನ್’ ದಿಕ್ಕಿಲ್ಲದೆ ನಿಲ್ಲುತ್ತದೆ. ಆ ‘ಟು’ ಬಂದದ್ದೇ ‘ಕ್ಲೋಸ್’ ಕರೆದಿದ್ದಕ್ಕೆ.

ನಾನು ಇದನ್ನು ಹೀಗೆ ನೆನಪಿಟ್ಟುಕೊಂಡಿದ್ದೇನೆ. ಗುಣವಾಚಕ ಪ್ರಿಪೊಸಿಷನ್‌ಗಿಂತ ಮೊದಲು ಬಂದರೆ, ಯಾವ ಪ್ರಿಪೊಸಿಷನ್ ಅಂತ ಆರಿಸುವುದು ಗುಣವಾಚಕ. ‘ಕ್ಲೋಸ್’ಗೆ ‘ಟು’, ‘ಪ್ರೌಡ್’ಗೆ ‘ಆಫ್’, ‘ಫೆಮಿಲಿಯರ್’ಗೆ ‘ವಿತ್’. ಗುಣವಾಚಕ ನಡುವೆ ಕೂತರೆ ಅದಕ್ಕೆ ಆ ಅಧಿಕಾರ ಇಲ್ಲ. ಆಗ ಆರಿಸುವುದು ಜಾಗ. ‘ಇನ್ ಸ್ಪೇನ್’ ಆದ್ದರಿಂದ ‘ಇನ್ ಸನ್ನಿ ಸ್ಪೇನ್’. ಲಂಡನ್ನಿನ ವಿಮಾನ ನಿಲ್ದಾಣ ‘ಆಟ್ ಹೀಥ್ರೂ’ ಆದ್ದರಿಂದ ‘ಆಟ್ ಬ್ಯುಸಿ ಹೀಥ್ರೂ’. ಕ್ರೀಟ್ ದ್ವೀಪಕ್ಕೆ ‘ಆನ್ ಕ್ರೀಟ್’ ಅನ್ನುವವರು ‘ಆನ್ ಸನ್ನಿ ಕ್ರೀಟ್’ ಅನ್ನುತ್ತಾರೆ.

ಅಡ್ಡಪ್ರಶ್ನೆ

ಕೇಳಲು ಚೆನ್ನಾಗಿದೆ. ಆದರೆ ‘ಫೇಮಸ್ ಇನ್ ಜಪಾನ್’ ಅಂತಲೂ ಇದೆ, ‘ಫೇಮಸ್ ಫಾರ್ ಇಟ್ಸ್ ಟವರ್’ ಅಂತಲೂ ಇದೆ. ಒಂದೇ ಗುಣವಾಚಕ, ಎರಡು ಪ್ರಿಪೊಸಿಷನ್. ಹಾಗಾದರೆ ‘ಫೇಮಸ್’ ಆರಿಸಿದ್ದು ಯಾವುದನ್ನ? ಇನ್ನೊಂದು, ನಿಮ್ಮದೇ ‘ಸನ್ನಿ ಇನ್ ಸ್ಪೇನ್’ನಲ್ಲಿ ಗುಣವಾಚಕ ಮೊದಲು ಬಂದಿದೆ. ‘ಸನ್ನಿ’ಗೆ ಯಾವಾಗಲೂ ‘ಇನ್’ ಬೇಕು ಅಂತ ಯಾವ ನಿಘಂಟಿನಲ್ಲಿದೆ?

ಮೂರನೇಸಾಲು

ಸಿಕ್ಕಿಬಿದ್ದೆ, ಒಪ್ಪಿಕೊಳ್ಳುತ್ತೇನೆ. ನನ್ನ ನಿಯಮವನ್ನು ಸ್ವಲ್ಪ ತಿದ್ದಬೇಕು.

‘ಸನ್ನಿ ಇನ್ ಸ್ಪೇನ್’, ‘ಫೇಮಸ್ ಇನ್ ಜಪಾನ್’ ಎರಡರಲ್ಲೂ ‘ಇನ್’ ಗುಣವಾಚಕಕ್ಕೆ ಸೇರಿದ್ದಲ್ಲ, ಜಾಗಕ್ಕೆ ಸೇರಿದ್ದು. ಪಕ್ಕದಲ್ಲಿ ಕೂತಿವೆ ಅಷ್ಟೇ, ನೆಂಟಸ್ತನ ಇಲ್ಲ. ಪರೀಕ್ಷೆ ಮಾಡುವುದು ಸುಲಭ. ಪ್ರಿಪೊಸಿಷನ್ನನ್ನೂ ಊರನ್ನೂ ಎತ್ತಿ ವಾಕ್ಯದ ಮೊದಲಿಗೆ ಇಡಿ. ‘ಇನ್ ಸ್ಪೇನ್ ಇಟ್ ಈಸ್ ಸನ್ನಿ’. ಆರಾಮಾಗಿ ನಿಂತಿತು. ‘ಇನ್ ಜಪಾನ್ ಹಿ ಈಸ್ ಫೇಮಸ್’. ಇದೂ ನಿಂತಿತು. ಈಗ ‘ಟು ಲಂಡನ್ ದ ವಿಲೇಜ್ ಈಸ್ ಕ್ಲೋಸ್’ ಅಂತ ಹೇಳಿ ನೋಡಿ. ಹಳೇ ಪದ್ಯದ ಸಾಲಿನ ಹಾಗೆ ಕೇಳುತ್ತದೆ, ಮಾತಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಎತ್ತಿದರೆ ಬರದಿದ್ದರೆ ಅದು ಗುಣವಾಚಕಕ್ಕೆ ಅಂಟಿಕೊಂಡ ಪ್ರಿಪೊಸಿಷನ್.

ಹಾಗಾಗಿ ‘ಪಾಪ್ಯುಲರ್ ಇನ್ ಜಪಾನ್’, ‘ರೇರ್ ಇನ್ ಯೂರೋಪ್’, ‘ಅನ್‌ನೋನ್ ಇನ್ ಐಸ್‌ಲೆಂಡ್’ ಇವುಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಅಲ್ಲಿ ‘ಇನ್’ ತನ್ನ ಮಾಮೂಲಿ ಕೆಲಸ ಮಾಡುತ್ತಿದೆ. ಕಲಿಯಬೇಕಾದದ್ದು ಅಂಟಿಕೊಂಡ ಜೋಡಿಗಳನ್ನು ಮಾತ್ರ.

ಪಾಠದಮನೆ

ಇಂಗ್ಲಿಷ್ ಕಲಿಸುವವಳು ನಾನು. ‘ಫೇಮಸ್ ಟು’ ತಪ್ಪನ್ನು ಎಷ್ಟು ತಿದ್ದಿದ್ದೇನೋ ಲೆಕ್ಕವಿಲ್ಲ. ಬೇರು ಕನ್ನಡದಲ್ಲಿದೆ. ನಮ್ಮ ‘ಗೆ’, ‘ಕ್ಕೆ’ ಬಹಳ ದುಡಿಯುವ ಪ್ರತ್ಯಯ. ಗೋಪುರಕ್ಕೆ ಹೆಸರುವಾಸಿ, ಲಂಡನ್ನಿಗೆ ಹತ್ತಿರ, ಈ ಊರಿಗೆ ಹೊಸಬ, ಪ್ಯಾರಿಸ್ಸಿಗೆ ಹೊರಟ ರೈಲು, ಉತ್ತರಕ್ಕೆ ಇರುವ ಬೆಟ್ಟ. ಐದಕ್ಕೂ ನಮಗೆ ಒಂದೇ. ಇಂಗ್ಲಿಷಿನಲ್ಲಿ ಫೇಮಸ್ ‘ಫಾರ್’, ಕ್ಲೋಸ್ ‘ಟು’, ನ್ಯೂ ‘ಟು’, ಬೌಂಡ್ ‘ಫಾರ್’, ನಾರ್ತ್ ‘ಆಫ್’. ನಮ್ಮ ತಲೆ ‘ಗೆ’ ಕೇಳಿದ ತಕ್ಷಣ ‘ಟು’ ಕೊಡುತ್ತದೆ. ಐದರಲ್ಲಿ ಎರಡು ಸಲ ಅದೃಷ್ಟ ಕೈಹಿಡಿಯುತ್ತದೆ.

‘ಬಗ್ಗೆ’ ಇನ್ನೊಂದು ಕಳ್ಳ. ‘ತನ್ನ ನಗರದ ಬಗ್ಗೆ ಹೆಮ್ಮೆ’ ಅಂತ ‘ಪ್ರೌಡ್ ಅಬೌಟ್’ ಬರೆಯುತ್ತಾರೆ. ‘ಪ್ರೌಡ್ ಆಫ್’ ಆಗಬೇಕು. ‘ಗಿಂತ’ ಬಂದರೆ ಕತೆ ಸ್ವಲ್ಪ ಬೇರೆ. ‘ರೋಮಿಗಿಂತ ಬೇರೆ’ ಅನ್ನುವುದನ್ನು ‘ಡಿಫರೆಂಟ್ ದ್ಯಾನ್ ರೋಮ್’ ಅಂತ ಮಾಡಿದರೆ ಅಮೆರಿಕದಲ್ಲಿ ನಡೆಯುತ್ತದೆ. ಬ್ರಿಟನ್ನಿನಲ್ಲಿ ‘ಡಿಫರೆಂಟ್ ಟು’ ಜಾಸ್ತಿ ಕೇಳುತ್ತೀರಿ. ‘ಡಿಫರೆಂಟ್ ಫ್ರಮ್’ ಎರಡೂ ಕಡೆ ಸಲ್ಲುತ್ತದೆ. ನಾನು ಕಲಿಸುವುದು ಅದನ್ನೇ. ಜಗಳ ಯಾಕೆ ಸುಮ್ನೆ.

ಇನ್ನು ‘ಕ್ಲೋಸ್ ಟು ಲಂಡನ್ ವಿಲೇಜ್’. ಇದೂ ನೇರವಾಗಿ ಕನ್ನಡದಿಂದ ಬಂದದ್ದು. ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದ ಇರಲಿ, ನಾಮಪದದ ಮೊದಲೇ ನಿಲ್ಲುತ್ತದೆ. ‘ಲಂಡನ್ನಿಗೆ ಹತ್ತಿರದ ಹಳ್ಳಿ’, ‘ಸಮುದ್ರದಿಂದ ದೂರದ ಊರು’. ಇಂಗ್ಲಿಷಿನಲ್ಲಿ ಒಂಟಿ ಗುಣವಾಚಕ ಮೊದಲು ನಿಲ್ಲುತ್ತದೆ. ಅದಕ್ಕೆ ಪ್ರಿಪೊಸಿಷನ್ನಿನ ಬಾಲ ಬೆಳೆದರೆ ನಾಮಪದದ ಹಿಂದಕ್ಕೆ ಹೋಗಬೇಕು. ‘ಎ ವಿಲೇಜ್ ಕ್ಲೋಸ್ ಟು ಲಂಡನ್’.

ಗೂಬೆಮರಿ

ಆದರೆ ‘ಎ ಸಿಮಿಲರ್ ಸಿಟಿ ಟು ಯಾರ್ಕ್’ ಅಂತ ಓದಿದ ನೆನಪು. ಅಲ್ಲಿ ಗುಣವಾಚಕ ಮೊದಲು, ಬಾಲ ಹಿಂದೆ. ನಡುವೆ ನಾಮಪದ. ತಲೆ ಒಂದು ಕಡೆ, ಬಾಲ ಒಂದು ಕಡೆ!

ಪಾಠದಮನೆ

ಹೌದು, ಕೆಲವಕ್ಕೆ ಆ ಸವಲತ್ತು ಇದೆ. ‘ಸಿಮಿಲರ್’, ‘ಡಿಫರೆಂಟ್’ ಇಂಥ ಹೋಲಿಕೆಯ ಮಾತುಗಳು ಹಾಗೆ ಒಡೆದುಕೊಳ್ಳುತ್ತವೆ. ‘ಎ ಡಿಫರೆಂಟ್ ಸಿಟಿ ಫ್ರಮ್ ರೋಮ್’ ನಡೆಯುತ್ತದೆ. ‘ಎ ಕ್ಲೋಸ್ ವಿಲೇಜ್ ಟು ಲಂಡನ್’ ನಡೆಯುವುದಿಲ್ಲ. ಆದರೆ ‘ದ ಕ್ಲೋಸೆಸ್ಟ್ ವಿಲೇಜ್ ಟು ಲಂಡನ್’ ನಡೆಯುತ್ತದೆ! ‘ಎಸ್ಟ್’ ಸೇರಿದ ಕೂಡಲೇ ಅದೂ ಹೋಲಿಕೆಯ ಗುಂಪಿಗೆ ಸೇರಿಕೊಂಡಿತು.

ಪದಕೊರಕ

ಇಂಗ್ಲಿಷಿನಲ್ಲಿ ಕನ್ನಡದ ಸಾಲು ಬರುವ ಒಂದು ಜಾಗ ಇದೆ, ಅದನ್ನು ಯಾರೂ ಹೇಳಲಿಲ್ಲ. ‘ಎ ಲಂಡನ್-ಬೌಂಡ್ ಟ್ರೇನ್’. ಅಕ್ಷರಶಃ ‘ಲಂಡನ್ನಿಗೆ ಹೊರಟ ರೈಲು’. ಊರು ಮೊದಲು, ಗುಣವಾಚಕ ಆಮೇಲೆ, ಕೊನೆಗೆ ನಾಮಪದ. ‘ಫಾರ್’ ಎಲ್ಲಿ ಹೋಯಿತು? ಮಾಯ. ನಡುವಿನ ಅಡ್ಡಗೆರೆ ಅದನ್ನು ನುಂಗಿತು. ‘ಬೇಸ್ಡ್ ಇನ್ ಜಿನೀವಾ’ ಹೀಗೇ ‘ಜಿನೀವಾ-ಬೇಸ್ಡ್’ ಆಗುತ್ತದೆ, ‘ಬಾರ್ನ್ ಇನ್ ಪ್ಯಾರಿಸ್’ ‘ಪ್ಯಾರಿಸ್-ಬಾರ್ನ್’ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸುದ್ದಿ ಬಂದಾಗಲೆಲ್ಲ ‘ದ ಜಿನೀವಾ-ಬೇಸ್ಡ್ ಏಜೆನ್ಸಿ’ ಅಂತ ಓದುತ್ತೀರಲ್ವಾ, ಅದೇ.

ಎಲ್ಲದಕ್ಕೂ ಇದು ಬರುವುದಿಲ್ಲ. ‘ಲಂಡನ್-ಕ್ಲೋಸ್’ ಅನ್ನುವ ಪದ ಇಲ್ಲ. ಕ್ರಿಯಾಪದದಿಂದ ಹುಟ್ಟಿದ ಗುಣವಾಚಕಗಳೇ ಇಲ್ಲಿ ಹೆಚ್ಚು.

ಅಂದ ಹಾಗೆ ಈ ‘ಬೌಂಡ್’ಗೂ ಕಟ್ಟಿಹಾಕುವ ‘ಬೌಂಡ್’ಗೂ ಸಂಬಂಧವಿಲ್ಲ. ಇದು ಹಳೇ ನಾರ್ಸ್, ಅಂದರೆ ಸ್ಕ್ಯಾಂಡಿನೇವಿಯಾದ ಹಳೇ ಭಾಷೆಯಿಂದ ಬಂತು. ಅಲ್ಲಿ ಅದರ ಅರ್ಥ ‘ಸಿದ್ಧವಾದ’. ಹೊರಡಲು ಸಿದ್ಧವಾದ ಹಡಗು. ಸಿದ್ಧತೆ ಯಾವುದಕ್ಕೋಸ್ಕರ? ಹಾಗಾಗಿ ‘ಫಾರ್’. ಕಟ್ಟಿಹಾಕಿದ್ದು ಅಂತ ಅಂದುಕೊಂಡವರು ‘ಬೌಂಡ್ ಟು ಲಂಡನ್’ ಅಂತ ಬರೆದುಬಿಡುತ್ತಾರೆ.

ನಕಾಶೆಹುಚ್ಚ

ದಿಕ್ಕುಗಳ ವಿಷಯಕ್ಕೆ ಇನ್ನೂ ಯಾರೂ ಬಂದಿಲ್ಲ. ನಾನು ಬರುತ್ತೇನೆ. ಅನುವಾದದಲ್ಲಿ ನಿಜವಾದ ಅನಾಹುತ ಆಗುವುದು ಇಲ್ಲಿ. ಉಳಿದ ಕಡೆ ತಪ್ಪಿದರೆ ವಾಕ್ಯ ಸೊಟ್ಟ ಆಗುತ್ತದೆ. ಇಲ್ಲಿ ತಪ್ಪಿದರೆ ಊರೇ ನಕಾಶೆಯಲ್ಲಿ ಜಾಗ ಬದಲಿಸುತ್ತದೆ.

‘ಇನ್ ನಾರ್ತ್ ಲಂಡನ್’ ಅಂದರೆ ಲಂಡನ್ ಒಳಗೇ, ಉತ್ತರದ ಭಾಗದಲ್ಲಿ. ಟಾಟನ್‌ಹ್ಯಾಮ್ ಅಲ್ಲಿದೆ. ‘ನಾರ್ತ್ ಆಫ್ ಲಂಡನ್’ ಅಂದರೆ ಲಂಡನ್ ದಾಟಿ ಹೊರಗೆ. ಕೇಂಬ್ರಿಜ್ ಅಲ್ಲಿದೆ. ‘ಟು ದ ನಾರ್ತ್ ಆಫ್ ಲಂಡನ್’ ಕೂಡ ಹೊರಗೇ. ‘ಇನ್ ದ ನಾರ್ತ್ ಆಫ್ ಇಂಗ್ಲೆಂಡ್’ ಮತ್ತೆ ಒಳಗೆ. ‘ಇನ್’ ಇದೆಯೋ ಇಲ್ಲವೋ ನೋಡಿ, ಗಡಿ ಗೊತ್ತಾಗುತ್ತದೆ. ‘ಲಂಡನ್ನಿನ ಉತ್ತರದಲ್ಲಿ’ ಅಂತ ನಾವು ಒಳಗಿನದಕ್ಕೂ ಅನ್ನುತ್ತೇವೆ, ಹೊರಗಿನದಕ್ಕೂ ಅನ್ನುತ್ತೇವೆ. ಮೂಲ ಬರೆದವರು ಯಾವುದನ್ನು ಹೇಳಿದರು ಅಂತ ನಕಾಶೆ ತೆಗೆದು ನೋಡದೆ ಅನುವಾದ ಮಾಡಬೇಡಿ.

ನೆನಪಿಟ್ಟುಕೊಳ್ಳಲು ನನ್ನ ಮೆಚ್ಚಿನ ಉದಾಹರಣೆ ಕೆನಡಾದ ವಿಂಡ್ಸರ್. ಅಮೆರಿಕದ ಡಿಟ್ರಾಯ್ಟ್ ಎದುರು, ನದಿಯ ಆಚೆ ದಡದಲ್ಲಿದೆ. ಕೆನಡಾ ಅಮೆರಿಕಕ್ಕಿಂತ ಉತ್ತರಕ್ಕೆ ಅಂತ ಎಲ್ಲರಿಗೂ ಗೊತ್ತು. ಆದರೆ ‘ವಿಂಡ್ಸರ್ ಈಸ್ ಸೌತ್ ಆಫ್ ಡಿಟ್ರಾಯ್ಟ್’. ನದಿ ಅಲ್ಲಿ ಹಾಗೆ ತಿರುಗುತ್ತದೆ. ಇಲ್ಲಿ ‘ಇನ್ ಸೌತ್ ಡಿಟ್ರಾಯ್ಟ್’ ಅಂತ ಬರೆದರೆ ಒಂದು ಇಡೀ ಊರನ್ನು ಬೇರೆ ದೇಶಕ್ಕೆ ಸಾಗಿಸಿದ ಹಾಗೆ.

ಇನ್ನು ‘ನಾರ್ತ್’ ಯಾವಾಗ, ‘ನಾರ್ದರ್ನ್’ ಯಾವಾಗ? ನಗರಗಳ ಹೆಸರಿಗೆ ಸಾಮಾನ್ಯವಾಗಿ ಗಿಡ್ಡ ರೂಪ: ನಾರ್ತ್ ಲಂಡನ್, ಈಸ್ಟ್ ಬರ್ಲಿನ್. ದೇಶದ ಒಂದು ಭಾಗ ಅಂತ ಹೇಳಬೇಕಾದರೆ ಉದ್ದ ರೂಪ: ನಾರ್ದರ್ನ್ ಫ್ರಾನ್ಸ್, ಸದರ್ನ್ ಇಟಲಿ. ದೇಶದ ಹೆಸರಿನ ಮುಂದೆ ಗಿಡ್ಡ ರೂಪ ಕಂಡರೆ ಅದು ಹೆಚ್ಚಿನ ಸಲ ಹೆಸರೇ ಆಗಿರುತ್ತದೆ: ನಾರ್ತ್ ಕೊರಿಯಾ, 2011ರಲ್ಲಿ ಹುಟ್ಟಿದ ಸೌತ್ ಸೂಡಾನ್. ವೇಲ್ಸ್ ಮಾತ್ರ ಈ ಮಾತು ಕೇಳುವುದಿಲ್ಲ. ಅಲ್ಲಿ ಭಾಗಗಳನ್ನೂ ನಾರ್ತ್ ವೇಲ್ಸ್, ಸೌತ್ ವೇಲ್ಸ್ ಅಂತಲೇ ಕರೆಯುತ್ತಾರೆ.

ಈಗ ಬೋಟ್ಸ್‌ವಾನಾ ತೆಗೆದುಕೊಳ್ಳಿ. ‘ಇನ್ ಸದರ್ನ್ ಆಫ್ರಿಕಾ’ ಸರಿ. ‘ಇನ್ ಸೌತ್ ಆಫ್ರಿಕಾ’ ಅಂದರೆ ಪಕ್ಕದ ದೇಶಕ್ಕೆ ಬರೆದುಕೊಟ್ಟಿರಿ ಅಂತ ಅರ್ಥ. ಕನ್ನಡದಲ್ಲಿ ಎರಡಕ್ಕೂ ‘ದಕ್ಷಿಣ ಆಫ್ರಿಕಾ’ ಅಂತ ಬರೆಯುವವರಿದ್ದಾರೆ. ಕ್ರಿಕೆಟ್ ನೋಡುವ ನಮಗೆ ಆ ಹೆಸರು ಕೇಳಿದರೆ ದೇಶವೇ ಕಣ್ಣಿಗೆ ಬರುತ್ತದೆ.

ಅಡ್ಡಪ್ರಶ್ನೆ

ಇದಕ್ಕಿಂತ ದೊಡ್ಡ ತಲೆನೋವು ಒಂದಿದೆ. ‘ವೆಸ್ಟರ್ನ್ ಆಸ್ಟ್ರೇಲಿಯಾ’. ರಾಜ್ಯದ ಹೆಸರೂ ಅದೇ, ದೇಶದ ಪಶ್ಚಿಮ ಭಾಗವೂ ಅದೇ. ಬರೆಯುವಾಗ ಮೊದಲಕ್ಷರ ದೊಡ್ಡದೋ ಚಿಕ್ಕದೋ ಅನ್ನುವುದಷ್ಟೇ ವ್ಯತ್ಯಾಸ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ. ಹಾಗಾಗಿ ಆ ವ್ಯತ್ಯಾಸಕ್ಕೆ ನಮ್ಮ ಕಣ್ಣೇ ಪಳಗಿಲ್ಲ. ಇಂಗ್ಲಿಷಿನಲ್ಲಿ ಓದುವಾಗ ಹಾರಿಸುತ್ತೇವೆ, ಬರೆಯುವಾಗ ಎಲ್ಲದಕ್ಕೂ ದೊಡ್ಡಕ್ಷರ ಹಾಕುತ್ತೇವೆ.

ನಕಾಶೆಹುಚ್ಚ

ಅದು ನಿಜವಾಗಿ ಒಳ್ಳೆಯ ಮಾತು. ದೊಡ್ಡಕ್ಷರ ಬಂತು ಅಂದರೆ ಅದು ಗುಣವಾಚಕದ ಕೆಲಸ ಬಿಟ್ಟು ಹೆಸರಿನೊಳಗೆ ಸೇರಿಕೊಂಡಿತು ಅಂತ. ಒಮ್ಮೆ ಸೇರಿಕೊಂಡರೆ ಅರ್ಥದ ಹಂಗು ಇರುವುದಿಲ್ಲ. ನಾರ್ದರ್ನ್ ಐರ್ಲೆಂಡ್ 1921ರಲ್ಲಿ ಆದದ್ದು. ಆ ದ್ವೀಪದ ಅತ್ಯಂತ ಉತ್ತರದ ತುದಿ ಮಾಲಿನ್ ಹೆಡ್. ಅದು ನಾರ್ದರ್ನ್ ಐರ್ಲೆಂಡಿನಲ್ಲಿ ಇಲ್ಲ, ರಿಪಬ್ಲಿಕ್ ಆಫ್ ಐರ್ಲೆಂಡಿನಲ್ಲಿದೆ! ವೆಸ್ಟ್ ವರ್ಜೀನಿಯಾ 1863ರಲ್ಲಿ ಪ್ರತ್ಯೇಕ ರಾಜ್ಯ ಆಯಿತು. ಆದರೆ ವರ್ಜೀನಿಯಾದ ಪಶ್ಚಿಮ ತುದಿ ವೆಸ್ಟ್ ವರ್ಜೀನಿಯಾದ ಪಶ್ಚಿಮ ತುದಿಗಿಂತಲೂ ಆಚೆಗಿದೆ. ಹಾಗಾಗಿ ‘ಇನ್ ವೆಸ್ಟ್ ವರ್ಜೀನಿಯಾ’ ಬೇರೆ, ‘ಇನ್ ವೆಸ್ಟರ್ನ್ ವರ್ಜೀನಿಯಾ’ ಬೇರೆ.

‘ಅಪ್ಪರ್ ಈಜಿಪ್ಟ್’ ಅಂತ ಬಂದರೆ ನಕಾಶೆಯ ಮೇಲ್ಭಾಗಕ್ಕೆ ಹೋಗಬೇಡಿ. ಅದು ಈಜಿಪ್ಟಿನ ದಕ್ಷಿಣ. ನೈಲ್ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಹರಿವಿನ ಮೇಲಿನ ಕಡೆ ಅಪ್ಪರ್, ಸಮುದ್ರದ ಕಡೆ ಲೋವರ್. ಲಕ್ಸರ್ ‘ಇನ್ ಅಪ್ಪರ್ ಈಜಿಪ್ಟ್’. ಇದನ್ನು ‘ಉತ್ತರ ಈಜಿಪ್ಟ್’ ಅಂತ ಕನ್ನಡಕ್ಕೆ ತಂದ ಬರಹ ನಾನೇ ಓದಿದ್ದೇನೆ. ನಕ್ಕೆ, ಆಮೇಲೆ ನಾನೂ ಒಂದು ಕಾಲದಲ್ಲಿ ಹಾಗೇ ತಿಳಿದಿದ್ದೆ ಅಂತ ನೆನಪಾಗಿ ಸುಮ್ಮನಾದೆ.

ಗೂಬೆಮರಿ

ನನ್ನದೊಂದು ಬೇರೆ ಅನುಮಾನ. ‘ಇನ್ ದ ಬ್ಯೂಟಿಫುಲ್ ಪ್ಯಾರಿಸ್’ ಅಂತ ಬರೆದಿದ್ದೆ, ‘ದ’ ತೆಗೆದರು. ಇನ್ನೊಂದು ಕಡೆ ‘ಇನ್ ಪ್ಯಾರಿಸ್ ಆಫ್ 1920ಸ್’ ಅಂತ ಬರೆದಿದ್ದೆ, ಎರಡು ಕಡೆ ‘ದ’ ಸೇರಿಸಿದರು. ಬೇಕು ಅಂದಾಗ ತೆಗೆಯುತ್ತಾರೆ, ಬೇಡ ಅಂದಾಗ ಹಾಕುತ್ತಾರೆ.

ಮೂರನೇಸಾಲು

ಪ್ಯಾರಿಸ್ ಒಂದೇ ಇದೆ. ಬರೀ ಹೆಸರಿಗೆ ‘ದ’ ಬೇಡ. ಮುಂದೆ ಒಂದು ಗುಣವಾಚಕ ಕೂತರೂ ಬೇಡ: ‘ಇನ್ ಬ್ಯೂಟಿಫುಲ್ ಪ್ಯಾರಿಸ್’. ‘ದ ಬ್ಯೂಟಿಫುಲ್’ ಬೇಕೇ ಬೇಕು ಅಂದರೆ ‘ದ ಬ್ಯೂಟಿಫುಲ್ ಸಿಟಿ ಆಫ್ ಪ್ಯಾರಿಸ್’ ಅನ್ನಬಹುದು. ಅಲ್ಲಿ ‘ದ’ ಸಿಟಿಗೆ ಸೇರಿದ್ದು.

ಆದರೆ ‘1920ರ ದಶಕದ ಪ್ಯಾರಿಸ್’ ಅಂದ ಕೂಡಲೇ ಪ್ಯಾರಿಸ್ ಒಂದಲ್ಲ, ಹಲವು. 1920ರದ್ದು ಒಂದು, ಇವತ್ತಿನದು ಒಂದು. ಹಲವರಲ್ಲಿ ಒಬ್ಬರನ್ನು ಬೊಟ್ಟು ಮಾಡಿ ತೋರಿಸುವಾಗ ‘ದ’ ಬರುತ್ತದೆ. ‘ದ ಲಂಡನ್ ಐ ನ್ಯೂ’ ಅದೇ ಜಾತಿ. ‘ಎ ವೆರಿ ಡಿಫರೆಂಟ್ ಲಂಡನ್’ ಕೂಡ.

ಮೊದಲೇ ‘ದ’ ಇಟ್ಟುಕೊಂಡು ಹುಟ್ಟಿದ ಹೆಸರುಗಳಿವೆಯಲ್ಲ, ನೆದರ್‌ಲೆಂಡ್ಸ್, ಫಿಲಿಪ್ಪೀನ್ಸ್, ಆಲ್ಪ್ಸ್, ಸಹಾರಾ. ಅಲ್ಲಿ ಗುಣವಾಚಕ ‘ದ’ ಮತ್ತು ಹೆಸರಿನ ನಡುವೆ ತೂರಿಕೊಳ್ಳುತ್ತದೆ. ‘ಇನ್ ದ ಸದರ್ನ್ ನೆದರ್‌ಲೆಂಡ್ಸ್’, ‘ಇನ್ ದ ಸ್ನೋಯಿ ಆಲ್ಪ್ಸ್’. ‘ಇನ್ ಸದರ್ನ್ ದ ನೆದರ್‌ಲೆಂಡ್ಸ್’ ಅಂತ ಬರೆಯಬೇಡಿ ಮತ್ತೆ.

ಅಡ್ಡಪ್ರಶ್ನೆ

ಮೂರನೇಸಾಲು ಅವರೇ, ನಿಮ್ಮ ಒಡವೆಯ ಹೋಲಿಕೆಗೆ ಮರಳುತ್ತೇನೆ. ‘ಇನ್ ಏನ್ಷಿಯಂಟ್ ರೋಮ್’. ಇಲ್ಲಿ ‘ಏನ್ಷಿಯಂಟ್’ ಬಿಚ್ಚಿಟ್ಟು ನೋಡಿ. ಎರಡು ಸಾವಿರ ವರ್ಷ ಕಳೆದುಹೋಯಿತು!

ಮೂರನೇಸಾಲು

ಈ ಮನುಷ್ಯನಿಗೆ ಇವತ್ತು ಬೇರೆ ಕೆಲಸ ಇಲ್ಲ ಅನ್ನಿಸುತ್ತದೆ.

ಆದರೆ ಸರಿಯಾಗಿ ಹಿಡಿದರು. ಎರಡು ಬಗೆ ಇವೆ. ‘ಸನ್ನಿ’, ‘ಬ್ಯೂಟಿಫುಲ್’, ‘ಬ್ಯುಸಿ’ ಇವು ಒಡವೆ. ‘ಸೆಂಟ್ರಲ್ ಲಂಡನ್’, ‘ರೂರಲ್ ಫ್ರಾನ್ಸ್’, ‘ಏನ್ಷಿಯಂಟ್ ರೋಮ್’, ‘ವಿಕ್ಟೋರಿಯನ್ ಇಂಗ್ಲೆಂಡ್’ ಇವು ಕತ್ತರಿ. ಜಾಗದಿಂದಲೋ ಕಾಲದಿಂದಲೋ ಒಂದು ತುಂಡು ಕತ್ತರಿಸಿ ಕೊಡುತ್ತವೆ. ವಿಕ್ಟೋರಿಯನ್ ಅಂದರೆ 1837ರಿಂದ 1901ರವರೆಗಿನ ತುಂಡು. ವಿಚಿತ್ರ ಏನು ಅಂದರೆ, ಹಲವರಲ್ಲಿ ಒಂದನ್ನು ಆರಿಸುತ್ತಿದ್ದರೂ ಇವಕ್ಕೆ ‘ದ’ ಬರುವುದಿಲ್ಲ. ಅದೇ ಅರ್ಥ ‘ಆಫ್’ ಹಿಡಿದು ಹಿಂದೆ ಬಂದರೆ ‘ದ’ ಬರುತ್ತದೆ. ‘ವಿಕ್ಟೋರಿಯನ್ ಲಂಡನ್’, ಆದರೆ ‘ದ ಲಂಡನ್ ಆಫ್ ದ 1850ಸ್’. ಹಾಗೇ ‘ಇನ್ ಸೆಂಟ್ರಲ್ ಲಂಡನ್’, ಆದರೆ ‘ಇನ್ ದ ಸೆಂಟರ್ ಆಫ್ ಲಂಡನ್’.

ಕತ್ತರಿಗಳನ್ನು ಧಾರಾಳವಾಗಿ ಬಳಸಿ. ಸಂಕೋಚ ಬೇಡ. ಒಡವೆಗಳನ್ನು ಮಾತ್ರ ಅಳೆದು ಹಾಕಿ. ‘ವಿ ವೆಂಟ್ ಟು ಬ್ಯೂಟಿಫುಲ್ ಪ್ಯಾರಿಸ್’ ಅಂತ ಮಾತಿನಲ್ಲಿ ಯಾರೂ ಹೇಳುವುದಿಲ್ಲ. ಪ್ರವಾಸ ಕಂಪನಿಗಳ ಜಾಹೀರಾತಿನ ಧಾಟಿ ಅದು.

ಎಲೆಹುಳು

ನಾನು ಪ್ರಾಣಿ ಪಕ್ಷಿಗಳ ಬಗ್ಗೆ ಬರೆಯುವವನು. ನನಗೆ ದಿನಾ ಎದುರಾಗುವುದು ‘ನೇಟಿವ್’. ‘ನೇಟಿವ್ ಟು’ ಬಂದರೆ ಅದು ಗುಣವಾಚಕ: ಕಾಂಗರೂಗಳು ‘ನೇಟಿವ್ ಟು ಆಸ್ಟ್ರೇಲಿಯಾ ಅಂಡ್ ನ್ಯೂಗಿನಿ’. ‘ಎ ನೇಟಿವ್ ಆಫ್’ ಬಂದರೆ ಅದು ನಾಮಪದ, ಸಾಮಾನ್ಯವಾಗಿ ಮನುಷ್ಯರಿಗೆ: ‘ಎ ನೇಟಿವ್ ಆಫ್ ಲಿವರ್‌ಪೂಲ್’. ‘ಎಂಡೆಮಿಕ್ ಟು’ ಇನ್ನೂ ಬಿಗಿ. ಅಲ್ಲಿ ಮಾತ್ರ, ಬೇರೆಲ್ಲೂ ಸಹಜವಾಗಿ ಇಲ್ಲ ಅಂತ. ಲೆಮೂರ್‌ಗಳು ‘ಎಂಡೆಮಿಕ್ ಟು ಮಡಗಾಸ್ಕರ್’. ಕಿವಿ ಹಕ್ಕಿ ‘ಎಂಡೆಮಿಕ್ ಟು ನ್ಯೂಜಿಲೆಂಡ್’.

ರೋಗದ ಮಾತು ಬಂದರೆ ಅದೇ ಪದ ವೇಷ ಬದಲಿಸುತ್ತದೆ. ‘ಮಲೇರಿಯಾ ಈಸ್ ಎಂಡೆಮಿಕ್ ಇನ್’ ಅಂತ ಬರೆದು ದೇಶದ ಹೆಸರು ಹಾಕುತ್ತಾರೆ. ಅಲ್ಲಿ ಮಾತ್ರ ಇದೆ ಅಂತ ಅರ್ಥವಲ್ಲ, ಅಲ್ಲಿ ಬೇರೂರಿದೆ ಅಂತ. ಮೇಲೆ ಹೇಳಿದ ಎತ್ತಿಡುವ ಪರೀಕ್ಷೆ ಇಲ್ಲೂ ಸರಿಹೋಗುತ್ತದೆ ನೋಡಿ. ರೋಗದ ‘ಇನ್’ ಎದ್ದು ಮುಂದಕ್ಕೆ ಬರುತ್ತದೆ. ಹಕ್ಕಿಯ ‘ಟು’ ಜಾಗ ಬಿಟ್ಟು ಅಲ್ಲಾಡುವುದಿಲ್ಲ.

ಹಾದಿಹೋಕ

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಪ್ರಶ್ನೆ ಬಾಕಿ. ‘ನಿಯರ್ ಲಂಡನ್’ ಅಂತಾರೆ, ‘ಕ್ಲೋಸ್ ಲಂಡನ್’ ಅನ್ನುವುದಿಲ್ಲ. ‘ನಿಯರ್’ಗೆ ಯಾಕೆ ‘ಟು’ ಬೇಡ? ಮತ್ತೆ ‘ನಿಯರ್‌ಬೈ ಲಂಡನ್’ ತಪ್ಪೇ?

ಪದಕೊರಕ

‘ನಿಯರ್’ ಎರಡು ದೋಣಿಯ ಮೇಲೆ ಕಾಲಿಟ್ಟ ಪದ. ಪ್ರಿಪೊಸಿಷನ್ನೂ ಹೌದು, ಗುಣವಾಚಕವೂ ಹೌದು. ಪ್ರಿಪೊಸಿಷನ್ ಆದ್ದರಿಂದ ನೇರವಾಗಿ ಊರಿನ ಹೆಸರನ್ನು ಹಿಡಿಯುತ್ತದೆ. ಗುಣವಾಚಕದ ರಕ್ತ ಇರುವುದರಿಂದ ‘ನಿಯರರ್’, ‘ನಿಯರೆಸ್ಟ್’ ಅಂತ ಬೆಳೆಯುತ್ತದೆ. ‘ನಿಯರರ್ ಲಂಡನ್’ ಅಂತಲೂ ಹೇಳಬಹುದು, ‘ನಿಯರರ್ ಟು ಲಂಡನ್’ ಅಂತಲೂ ಹೇಳಬಹುದು. ‘ಇನ್’ಗೆ ಇದು ಬರುವುದಿಲ್ಲ: ‘ಇನ್ನರ್’ ಅನ್ನುವುದು ‘ಇನ್’ನಿಂದ ಬಂದರೂ ‘ಇನ್ನರ್ ಲಂಡನ್’ ಅಂದರೆ ‘ಹೆಚ್ಚು ಇನ್’ ಅಂತ ಅಲ್ಲ. ಹೀಗೆ ಊರನ್ನು ಹಿಡಿದುಕೊಂಡೇ ಹೆಚ್ಚು, ಅತಿ ಹೆಚ್ಚು ಅಂತ ಏರುವ ಚಾಳಿ ‘ನಿಯರ್’ನದು.

ಇದರ ಹುಟ್ಟು ಇನ್ನೂ ಮಜಾ. ಹಳೇ ಇಂಗ್ಲಿಷಿನಲ್ಲಿ ‘ಹತ್ತಿರ’ ಅನ್ನುವುದಕ್ಕೆ ಇದ್ದ ಪದ ‘ನೈ’. ‘ನಿಯರ್’ ಅಂದರೆ ‘ಇನ್ನೂ ಹತ್ತಿರ’. ಅತ್ಯಂತ ಹತ್ತಿರದ್ದು ‘ನೆಕ್ಸ್ಟ್’. ಹೌದು, ಅದೇ ‘ನೆಕ್ಸ್ಟ್’! ಕಾಲ ಕಳೆದಂತೆ ಜನ ಇದನ್ನು ಮರೆತರು. ‘ನಿಯರ್’ ಬರೀ ‘ಹತ್ತಿರ’ ಆಯಿತು. ಅದರ ಮೇಲೆ ಮತ್ತೊಂದು ‘ಅರ್’ ಹಾಕಿ ‘ನಿಯರರ್’ ಮಾಡಿದರು. ಬಿಡಿಸಿ ನೋಡಿದರೆ ‘ಇನ್ನೂ ಇನ್ನೂ ಹತ್ತಿರ’.

ಪಾಠದಮನೆ

‘ನಿಯರ್‌ಬೈ’ಗೆ ನಾನು ಉತ್ತರ ಕೊಡುತ್ತೇನೆ, ದಿನಾ ತಿದ್ದುವುದು ಇದನ್ನೇ. ‘ಐ ಲಿವ್ ನಿಯರ್‌ಬೈ ಲಂಡನ್’ ತಪ್ಪು. ‘ನಿಯರ್‌ಬೈ’ ಊರನ್ನು ಹಿಡಿದುಕೊಳ್ಳುವ ಪ್ರಿಪೊಸಿಷನ್ ಅಲ್ಲ. ಆದರೆ ‘ಶಿ ವರ್ಕ್ಸ್ ಇನ್ ನಿಯರ್‌ಬೈ ಆಕ್ಸ್‌ಫರ್ಡ್’ ಸರಿ. ಅಲ್ಲಿ ಅದು ನಡುವೆ ಕೂತ ಗುಣವಾಚಕ. ಅರ್ಥವೂ ಬೇರೆ. ‘ನಿಯರ್ ಆಕ್ಸ್‌ಫರ್ಡ್’ ಅಂದರೆ ಆಕ್ಸ್‌ಫರ್ಡಿನ ಹೊರಗೆ, ಅದರ ಹತ್ತಿರ. ‘ಇನ್ ನಿಯರ್‌ಬೈ ಆಕ್ಸ್‌ಫರ್ಡ್’ ಅಂದರೆ ಆಕ್ಸ್‌ಫರ್ಡಿನ ಒಳಗೇ. ನಾವು ಮಾತಾಡುತ್ತಿರುವ ಜಾಗದಿಂದ ಆಕ್ಸ್‌ಫರ್ಡ್ ಹತ್ತಿರ ಅಂತ.

ದೂರದ ‘ಫಾರ್’ ಬಗ್ಗೆಯೂ ಒಂದು ಮಾತು. (ಕನ್ನಡದಲ್ಲಿ ಬರೆದರೆ ದೂರದ ‘ಫಾರ್’ಗೂ ಗೋಸ್ಕರದ ‘ಫಾರ್’ಗೂ ವ್ಯತ್ಯಾಸವೇ ಕಾಣುವುದಿಲ್ಲ, ಏನು ಮಾಡೋಣ.) ‘ಈಸ್ ಇಟ್ ಫಾರ್ ಫ್ರಮ್ ಲಂಡನ್?’ ಸರಿ. ‘ಇಟ್ ಈಸ್ ನಾಟ್ ಫಾರ್ ಫ್ರಮ್ ಲಂಡನ್’ ಸರಿ. ಆದರೆ ‘ಇಟ್ ಈಸ್ ಫಾರ್ ಫ್ರಮ್ ಲಂಡನ್’ ಅಂತ ಸಾದಾ ಹೇಳಿಕೆಯಲ್ಲಿ ಸ್ವಲ್ಪ ಒರಟಾಗಿ ಕೇಳುತ್ತದೆ. ಮಾತಿನಲ್ಲಿ ‘ಎ ಲಾಂಗ್ ವೇ ಫ್ರಮ್ ಲಂಡನ್’ ಅನ್ನುತ್ತಾರೆ. ‘ಟೂ ಫಾರ್’, ‘ಸೋ ಫಾರ್’ ಆದರೆ ತೊಂದರೆ ಇಲ್ಲ.

ಹಾದಿಹೋಕ

ಕೊನೆಯ ಲೇಖನದಲ್ಲಿ ‘ಲಂಡನ್ ಪ್ರಾಪರ್’ ಅಂತ ಬಳಸಬಹುದಾ? ‘ಇನ್ ಪ್ರಾಪರ್ ಲಂಡನ್’ ಅಂತ ಬರೆದಿಟ್ಟಿದ್ದೇನೆ, ಈಗ ಭಯ ಶುರುವಾಗಿದೆ.

ನಕಾಶೆಹುಚ್ಚ

ಭಯ ಸರಿಯಾಗಿದೆ. ‘ಇನ್ ಲಂಡನ್ ಪ್ರಾಪರ್’ ಅಂದರೆ ಸುತ್ತಲಿನ ಉಪನಗರ ಬಿಟ್ಟು ಅಸಲಿ ಲಂಡನ್ನಿನಲ್ಲಿ. ಈ ಅರ್ಥದಲ್ಲಿ ‘ಪ್ರಾಪರ್’ ಊರಿನ ಹೆಸರಿನ ಹಿಂದೆಯೇ ನಿಲ್ಲಬೇಕು. ‘ಪ್ರಾಪರ್ ಲಂಡನ್’ ಅಂದರೆ ‘ಲಂಡನ್ ಅಂದ್ರೆ ಇದಪ್ಪ’ ಅನ್ನುವ ಧಾಟಿ. ಅಸಲಿ ಲಂಡನ್ ಯಾವುದು ಅಂತ ಕೇಳಿದರೆ ಮಾತ್ರ ನೀವು ಕೆಟ್ಟಿರಿ. 1965ರಿಂದ ಇರುವ ಗ್ರೇಟರ್ ಲಂಡನ್ ಒಂದು. ಅದರ ಹೊಟ್ಟೆಯೊಳಗೆ ಸುಮಾರು ಒಂದು ಚದರ ಮೈಲಿಯ ಸಿಟಿ ಆಫ್ ಲಂಡನ್ ಇನ್ನೊಂದು. ‘ಇನ್ ದ ಸಿಟಿ’ ಅಂತ ದೊಡ್ಡಕ್ಷರದಲ್ಲಿ ಬರೆದರೆ ಆ ಒಂದು ಚದರ ಮೈಲಿ.

ಹಾದಿಹೋಕ

ತಿದ್ದಿ ಕಳಿಸಿದ್ದೆ, ಉತ್ತರ ಬಂತು. ‘ಎ ವಿಲೇಜ್ ಕ್ಲೋಸ್ ಟು ಲಂಡನ್’ ಉಳಿಯಿತು. ‘ಫೇಮಸ್ ಫಾರ್’ ಉಳಿಯಿತು. ‘ಲಂಡನ್ ಪ್ರಾಪರ್’ ಪಕ್ಕದಲ್ಲಿ ‘ಯಾವ ಲಂಡನ್?’ ಅಂತ ಕೇಳಿದ್ದಾರೆ. ನಕಾಶೆಹುಚ್ಚ ಅವರನ್ನು ಅವರಿಗೆ ಪರಿಚಯ ಮಾಡಿಸಬೇಕು.

‘ಇನ್ ಸನ್ನಿ ಸ್ಪೇನ್’ಗೆ ಮಾತ್ರ ಮತ್ತೆ ಗೆರೆ ಬಿದ್ದಿದೆ. ಈ ಸಲ ‘ಸನ್ನಿ’ಯನ್ನೇ ಹೊಡೆದುಹಾಕಿದ್ದಾರೆ.

ಅಡ್ಡಪ್ರಶ್ನೆ

ಒಡವೆ ಬಿಚ್ಚಿಟ್ಟರು. ವಾಕ್ಯ ನಿಂತಿತಾ?

ಹಾದಿಹೋಕ

ನಿಂತಿತು.